ಭೀಮನ ಹೆಜ್ಜೆಗೂ ಮದ್ದಳೆಗೂ ನಡುವೆ: ವಿಡಿಯೊದಿಂದ ಆಡಿಯೊ ಬೇರೆ ಮಾಡಿದ ಒಂದು ಪ್ರಕರಣ

ಕಾರಟಗಿ ಹತ್ತಿರದ ಒಂದು ಊರಲ್ಲಿ ಬೇಸಿಗೆ ಬೆಳೆಯ ಭತ್ತ ಕೊಯ್ದ ಮೇಲೆ ಬಯಲಾಟ ಇಟ್ಟುಕೊಂಡಿದ್ದರು. ರಾತ್ರಿ ಊಟ ಆದ ಮೇಲೆ ಶುರುವಾದರೆ ಬೆಳಕು ಹರಿಯುವವರೆಗೆ ನಡೆಯುವ ಆಟ. ಅದಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆದಿರುತ್ತದೆ, ಹಗಲು ಹೊಲದ ಕೆಲಸ, ರಾತ್ರಿ ಪೇಟಿ ಮಾಸ್ತರ್ ಮುಂದೆ ಪದ, ಮಾತು, ಹೆಜ್ಜೆ. ಭೀಮನ ಪಾತ್ರ ಹಾಕಿದವರು ಐವತ್ತು ದಾಟಿದ ರೈತರು. ಅವರ ತಮ್ಮನ ಮಗ ಗಂಗಾವತಿಯಲ್ಲಿ ಡಿಗ್ರಿ ಓದುತ್ತಾನೆ. ದೊಡ್ಡಪ್ಪನ ಆಟ ಒಂದು ಒಳ್ಳೆ ವಿಡಿಯೊ ಆಗಿ ಮನೆಯಲ್ಲಿ ಉಳಿಯಬೇಕು ಅಂತ ಆ ಹುಡುಗನಿಗೆ ಆಸೆ.

ಹುಡುಗ ಮಾಡಿದ ತಯಾರಿ ಚೆನ್ನಾಗಿಯೇ ಇತ್ತು. ಜನ ಕೂತ ಜಾಗದ ಹಿಂದೆ ಟ್ರ್ಯಾಕ್ಟರ್ ಟ್ರಾಲಿ ನಿಲ್ಲಿಸಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಫೋನಿಗೆ ಪವರ್‌ಬ್ಯಾಂಕ್ ಸಿಕ್ಕಿಸಿ, ಅಟ್ಟದ (ಆಟದ ವೇದಿಕೆಯ) ಮೇಲಿನ ಪಾತ್ರ ತುಂಬಿ ಕಾಣುವಷ್ಟು ಜೂಮ್ ಮಾಡಿ ರೆಕಾರ್ಡ್ ಹಾಕಿದ್ದ. ಫೋನಿನ ಧ್ವನಿ ಚೆನ್ನಾಗಿ ಬರುವುದಿಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಮೈಕ್‌ಸೆಟ್‌ನವರನ್ನು ಕೇಳಿ ಅವರ ಮಿಕ್ಸರ್‌ಗೆ ಒಂದು ಪೆನ್‌ಡ್ರೈವ್ ಹಾಕಿಸಿ, ಮೈಕಿನಿಂದ ಬರುವ ಧ್ವನಿಯನ್ನು ನೇರವಾಗಿ ಅಲ್ಲೇ ತುಂಬಿಸಿಕೊಂಡಿದ್ದ. ಇದು ತುಂಬಾ ಒಳ್ಳೆಯ ಯೋಚನೆ. ಈಗಿನ ಸಣ್ಣ ಮಿಕ್ಸರ್‌ಗಳಲ್ಲೂ ಎಷ್ಟೋ ಕಡೆ ಈ ಸೌಲಭ್ಯ ಇರುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೇ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಶಾಟ್‌ಕಟ್ ಹಾಕಿಕೊಂಡ. ಅದು ವಿಡಿಯೊ ಎಡಿಟ್ ಮಾಡುವ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್. ಮೊದಲ ಒಂದೂವರೆ ಗಂಟೆಯ ವಿಡಿಯೊವನ್ನು ಟೈಮ್‌ಲೈನ್‌ಗೆ (ಕ್ಲಿಪ್‌ಗಳನ್ನು ಸಾಲಾಗಿ ಇಡುವ ಪಟ್ಟಿ) ತಂದು, ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಟ್ಯಾಚ್ ಆಡಿಯೊ ಒತ್ತಿ, ಕೆಳಗೆ ಬಂದ ಆಡಿಯೊ ಟ್ರ್ಯಾಕನ್ನು ಡಿಲೀಟ್ ಮಾಡಿದ. ಅದೇ ಜಾಗಕ್ಕೆ ಪೆನ್‌ಡ್ರೈವ್‌ನ ಎಂಪಿ3 ಇಟ್ಟು, ಶುರುವಿನ ಪ್ರಾರ್ಥನೆ ಪದದಲ್ಲಿ ಬಾಯಿಗೂ ಹಾಡಿಗೂ ಕಣ್ಣಳತೆಯಲ್ಲಿ ಹೊಂದಿಸಿ ಹೊಸ ವಿಡಿಯೊ ಫೈಲ್ ಮಾಡಿಕೊಂಡ. ಮನೆಯ ಟಿವಿಗೆ ಹಾಕಿದರು. ಮೊದಲ ಹತ್ತು ನಿಮಿಷ ಎಲ್ಲರಿಗೂ ಖುಷಿ. ಆಮೇಲೆ ಏನೋ ಸರಿ ಇಲ್ಲ ಅನಿಸತೊಡಗಿತು. ಭೀಮ ಅಟ್ಟಕ್ಕೆ ಬರುವ ಹೊತ್ತಿಗೆ ಯಾರಿಗೂ ಅನುಮಾನ ಉಳಿಯಲಿಲ್ಲ. ದೊಡ್ಡಪ್ಪ ಹೇಳಿದ್ದು ಇಷ್ಟು: "ನಾ ಹೆಜ್ಜಿ ಊರಿದ ಮ್ಯಾಲ ಮದ್ದಳಿ ಬೀಳ್ತೈತಲ್ಲೋ ತಮ್ಮಾ. ನೋಡಿದವ್ರು ನಾನೇ ತಾಳ ತಪ್ಪೀನಿ ಅಂತಾರ."

ಈ ಮಾತಿನಿಂದಲೇ ಈ ಪ್ರಕರಣವನ್ನು ಪೂರ್ತಿ ಬರೆಯಬೇಕು ಅನಿಸಿದ್ದು. ಧ್ವನಿ ಸ್ವಲ್ಪ ಹಿಂದೆ ಮುಂದೆ ಆದರೆ ಮದುವೆ ವಿಡಿಯೊದಲ್ಲಿ ನಡೆದುಹೋಗುತ್ತದೆ. ಬಯಲಾಟದಲ್ಲಿ ನಡೆಯುವುದಿಲ್ಲ. ಅಲ್ಲಿ ಹೆಜ್ಜೆಯೂ ಮದ್ದಳೆಯ ಪೆಟ್ಟೂ ಒಂದೇ ಕ್ಷಣಕ್ಕೆ ಬೀಳಬೇಕು ಅಂತಲೇ ಅಷ್ಟು ದಿನದ ತಾಲೀಮು. ತಾಳ ತಪ್ಪದ ಮನುಷ್ಯನನ್ನು ವಿಡಿಯೊ ತಾಳ ತಪ್ಪಿದವನ ಹಾಗೆ ತೋರಿಸಿದರೆ ಅದು ಅವರಿಗೆ ಮಾಡಿದ ಅನ್ಯಾಯ.

ಹುಡುಗ ನನಗೆ ಫೋನ್ ಮಾಡಿ, "ಅಣ್ಣಾ, ಎಂಪಿ3 44.1 ಐತಿ, ವಿಡಿಯೊ 48 ಐತಿ, ಅದಕ್ಕ ಹಿಂಗ ಆಗೇತೇನು?" ಅಂತ ಕೇಳಿದ. ಎಷ್ಟೋ ಜನರಿಗೆ ಮೊದಲು ಬರುವ ಅನುಮಾನ ಇದೇ. ಸಿ.ಡಿ. ಕಾಲದಿಂದ ಬಂದದ್ದು ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯನ್ನು ಅಳೆದು ಬರೆದುಕೊಂಡ ಅಂಕಿ), ವಿಡಿಯೊದಲ್ಲಿ ಬಳಕೆಯಲ್ಲಿರುವುದು 48,000. ಆದರೆ ಎಡಿಟಿಂಗ್ ಸಾಫ್ಟ್‌ವೇರ್ ಇದನ್ನು ತಾನೇ ಬದಲಿಸಿಕೊಳ್ಳುತ್ತದೆ, ವೇಗ ಬದಲಾಗುವುದಿಲ್ಲ. ಎಲ್ಲಾದರೂ ತಪ್ಪಾಗಿ ಓದಿಕೊಂಡಿದ್ದರೆ ಒಂದೂವರೆ ಗಂಟೆಯ ಆಡಿಯೊ 83 ನಿಮಿಷದೊಳಗೆ ಮುಗಿದುಹೋಗುತ್ತಿತ್ತು, ಭೀಮನ ಗಂಟಲು ಸಣ್ಣ ಹುಡುಗನ ಗಂಟಲಿನ ಹಾಗೆ ಕೇಳುತ್ತಿತ್ತು. ಇಲ್ಲಿ ಗಂಟಲು ಸರಿಯಾಗಿಯೇ ಇತ್ತು. ಹಾಗಾಗಿ ಆ ಅನುಮಾನವನ್ನು ಅಲ್ಲೇ ಬಿಟ್ಟೆವು.

ಕ್ಲಿಪ್ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಬೇಡ, ಪೆನ್‌ಡ್ರೈವ್‌ನಲ್ಲಿ ಮೂಲ ಫೈಲನ್ನೇ ಕೊಡು ಅಂದೆ. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಹೊಸದಾಗಿ ಮಾಡಿ ಕಳಿಸುತ್ತದೆ, ನಾವು ಹುಡುಕುವ ದೋಷದ ಗುರುತೇ ಅದರಲ್ಲಿ ಅಳಿಸಿಹೋಗಬಹುದು.

ಮೂರು ಕಡೆ ಅಳೆದದ್ದು

ಧ್ವನಿ ಮತ್ತು ಚಿತ್ರ ಹೊಂದದಿದ್ದಾಗ ಸುಮ್ನೆ ಹಿಂದಕ್ಕೆ ಮುಂದಕ್ಕೆ ಎಳೆಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಮೊದಲು ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಎಷ್ಟೆಷ್ಟು ವ್ಯತ್ಯಾಸ ಇದೆ ಅಂತ ಅಳೆಯಬೇಕು. ಮೂರು ಕಡೆಯೂ ಒಂದೇ ಅಂತರ ಇದ್ದರೆ ಅದು ಇಟ್ಟ ಜಾಗದ ತಪ್ಪು ಅಥವಾ ದೂರದ ತಪ್ಪು. ಅಂತರ ಸಮನಾಗಿ ಬೆಳೆಯುತ್ತಾ ಹೋದರೆ ಎರಡು ಯಂತ್ರಗಳ ಗಡಿಯಾರದ ವ್ಯತ್ಯಾಸ, ಇಲ್ಲವೇ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ತಪ್ಪಾಗಿ ಕೊಟ್ಟದ್ದು. ಉದಾಹರಣೆಗೆ 29.97 ಫ್ರೇಮಿನ ವಿಡಿಯೊವನ್ನು 30 ಅಂತ ಲೆಕ್ಕ ಹಿಡಿದರೆ ಒಂದು ಗಂಟೆಗೆ ಸುಮಾರು 3.6 ಸೆಕೆಂಡ್ ಜಾರುತ್ತದೆ. ಅಂತರ ಒಂದು ಕಡೆ ನಿಧಾನ, ಇನ್ನೊಂದು ಕಡೆ ಜೋರಾಗಿ ಬೆಳೆದಿದ್ದರೆ ಫೋನಿನ ವೇರಿಯಬಲ್ ಫ್ರೇಮ್ ರೇಟ್, ಅಂದರೆ ನಡುನಡುವೆ ಬದಲಾಗುವ ಫ್ರೇಮ್ ಲೆಕ್ಕದ ಮೇಲೆ ಕಣ್ಣಿಡಬೇಕು.

ಅಳೆಯಲು ಬಯಲಾಟದಷ್ಟು ಅನುಕೂಲದ ವಿಡಿಯೊ ಇನ್ನೊಂದಿಲ್ಲ. ಹಲಗೆ ಹಾಸಿದ ಅಟ್ಟ. ಪಾತ್ರಧಾರಿ ಕಾಲೆತ್ತಿ ಊರಿದರೆ ಧಡ್ ಅಂತ ಸದ್ದು, ಮೈಕ್‌ಗೂ ಕೇಳುತ್ತದೆ. ಸಿನಿಮಾದವರು ಕ್ಲ್ಯಾಪ್ ಹಲಗೆ ಬಡಿಯುವ ಕೆಲಸವನ್ನು ಇಲ್ಲಿ ಭೀಮನೇ ರಾತ್ರಿಯಿಡೀ ಮಾಡಿಕೊಟ್ಟಿದ್ದಾನೆ. ಒಂದೊಂದೇ ಫ್ರೇಮ್ ಸರಿಸುತ್ತಾ ಪಾದ ಹಲಗೆ ಮುಟ್ಟಿದ ಫ್ರೇಮ್ ಹಿಡಿಯಬೇಕು, ಕೆಳಗೆ ವೇವ್‌ಫಾರ್ಮ್‌ನಲ್ಲಿ (ಧ್ವನಿಯ ಏರಿಳಿತ ತೋರಿಸುವ ಗೆರೆ) ಆ ಸದ್ದಿನ ಮೊನೆ ಎಲ್ಲಿದೆ ನೋಡಬೇಕು.

ಅಳೆದಾಗ ಶುರುವಿನಲ್ಲಿ ಹೆಚ್ಚು ಕಡಿಮೆ ಸರಿ ಇತ್ತು, ನಡುವೆ ಅರ್ಧ ಸೆಕೆಂಡ್, ಕೊನೆಯಲ್ಲಿ ಸುಮಾರು 2 ಸೆಕೆಂಡ್. ಸಮನಾಗಿ ಬೆಳೆದಿರಲಿಲ್ಲ. ಹುಡುಗನನ್ನು ಕೇಳಿದೆ, ಈ ಒಂದೂವರೆ ಗಂಟೆಯ ಎರಡನೇ ಅರ್ಧದಲ್ಲಿ ಲೈಟ್ ಏನಾದರೂ ಕಡಿಮೆ ಮಾಡಿದ್ದರಾ? ಹೌದು, ಜನರೇಟರ್‌ಗೆ ಭಾರ ಆಗುತ್ತದೆ ಅಂತ ಎರಡು ಫೋಕಸ್ ತೆಗೆದಿದ್ದರಂತೆ.

ಇಲ್ಲಿಗೆ ವಿಷಯ ಅರ್ಧ ಬಿಡಿಸಿದ ಹಾಗಾಯಿತು. ಫೋನಿನ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿದರೂ ಲೆಕ್ಕಕ್ಕೆ ಸರಿಯಾಗಿ 30 ತೆಗೆಯುತ್ತದೆ ಅಂತಿಲ್ಲ. ಬೆಳಕು ಕಡಿಮೆಯಾದರೆ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಬೆಳಕು ಹಿಡಿಯಲು ಎಷ್ಟೋ ಫೋನ್‌ಗಳು ಫ್ರೇಮಿನ ಸಂಖ್ಯೆ ಇಳಿಸಿಕೊಳ್ಳುತ್ತವೆ. ಬಿಸಿಯಾದರೂ ಹೀಗೆ ಆಗಬಹುದು. ಪ್ರತಿ ಫ್ರೇಮಿನ ಜೊತೆ ಅದು ಯಾವ ಸಮಯದ್ದು ಅನ್ನುವ ಗುರುತು ಫೈಲಿನಲ್ಲಿ ಇರುತ್ತದೆ, ಆದ್ದರಿಂದ ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ನೋಡಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಎಡಿಟಿಂಗ್ ಟೈಮ್‌ಲೈನ್ ಮಾತ್ರ ಸಮ ಅಂತರದ ಫ್ರೇಮುಗಳನ್ನು ನಂಬಿ ನಡೆಯುವಂಥದ್ದು. ಅಲ್ಲಿ ಚಿತ್ರ ಜಾರಲು ಶುರುವಾಗುತ್ತದೆ.

ಹಾಗಾದರೆ ಜಾರಿದ್ದು ಚಿತ್ರವೋ, ಮಿಕ್ಸರ್‌ನ ಆಡಿಯೊವೋ? ಇದನ್ನು ಹೇಳಬಲ್ಲ ಸಾಕ್ಷಿ ಒಂದೇ, ಫೋನಿನ ಸ್ವಂತ ಧ್ವನಿ. ಅದನ್ನು ಹುಡುಗ ಮೊದಲೇ ಡಿಲೀಟ್ ಮಾಡಿದ್ದ! ಟೈಮ್‌ಲೈನ್‌ನಿಂದ ಹೋದರೂ ಮೂಲ ಫೈಲಿನಲ್ಲಿ ಅದು ಹಾಗೇ ಇರುತ್ತದೆ, ಆದ್ದರಿಂದ ನಷ್ಟವೇನೂ ಆಗಲಿಲ್ಲ. ಮತ್ತೆ ವಿಡಿಯೊ ತಂದು, ಈ ಸಲ ಅದರದೇ ಆಡಿಯೊ ಇಟ್ಟುಕೊಂಡು ಕೊನೆಯ ಭಾಗ ನೋಡಿದೆವು. ಶಾಟ್‌ಕಟ್‌ನಲ್ಲಿ ಅದೂ ಚಿತ್ರದಿಂದ ದೂರ ಸರಿದಿತ್ತು. ಅದೇ ಫೈಲ್ ವಿಎಲ್‌ಸಿಯಲ್ಲಿ ಸರಿ. ಅಂದರೆ ಮೈಕ್‌ಸೆಟ್‌ನವರದು ತಪ್ಪಿಲ್ಲ, ಪೆನ್‌ಡ್ರೈವ್‌ದೂ ಅಲ್ಲ, ಟೈಮ್‌ಲೈನ್‌ನಲ್ಲಿ ಚಿತ್ರವೇ ಜಾರಿದ್ದು.

ಆಡಿಯೊ ಬೇರೆ ಮಾಡುವವರಿಗೆ ನಾನು ಒತ್ತಿ ಹೇಳುವುದು ಇದೊಂದೇ. ಬೇರೆ ಮಾಡಿ, ಆದರೆ ಅಳಿಸಬೇಡಿ. ಮ್ಯೂಟ್ ಮಾಡಿ ಇಡಿ, ಟ್ರ್ಯಾಕ್ ಲಾಕ್ ಮಾಡಿ ಇಡಿ. ಹೊಸ ಧ್ವನಿ ಎಲ್ಲಿ ಕೂರಬೇಕು, ಎಲ್ಲಿಂದ ತಪ್ಪಿತು ಅಂತ ತೋರಿಸುವುದು ಆ ಹಳೆಯ, ಗದ್ದಲದ, ಕೇಳಲು ಚೆಂದವಿಲ್ಲದ ಧ್ವನಿಯೇ. ಬೇರೆ ಮಾಡುವ ಗುಂಡಿ ಎಲ್ಲಾ ಸಾಫ್ಟ್‌ವೇರ್‌ನಲ್ಲೂ ಇದೆ: ಡಾವಿಂಚಿ ರಿಸಾಲ್ವ್‌ನಲ್ಲಿ ಲಿಂಕ್ ತೆಗೆಯುವುದು, ಕೆಡೆನ್‌ಲೈವ್‌ನಲ್ಲಿ ಅನ್‌ಗ್ರೂಪ್, ಓಪನ್‌ಶಾಟ್‌ನಲ್ಲಿ ಸೆಪರೇಟ್ ಆಡಿಯೊ, ಐಮೂವಿಯಲ್ಲಿ ಡಿಟ್ಯಾಚ್ ಆಡಿಯೊ. ಮೈಕ್ರೊಸಾಫ್ಟ್ 2017ರಲ್ಲಿ ನಿಲ್ಲಿಸಿದ ಹಳೆಯ ಮೂವಿ ಮೇಕರ್ ಕಾಲದಲ್ಲಿ ಇದು ಇಷ್ಟು ಸುಲಭ ಇರಲಿಲ್ಲ, ಆಡಿಯೊ ಮಾತ್ರ ಬೇರೆ ಫೈಲಾಗಿ ಸೇವ್ ಮಾಡಿ ಮತ್ತೆ ಒಳಗೆ ತರಬೇಕಿತ್ತು. ಈಗ ಸುಲಭ ಆಗಿರುವುದರಿಂದಲೇ ಬೇರೆ ಮಾಡಿದ ಕೂಡಲೇ ಡಿಲೀಟ್ ಒತ್ತುವ ಅಭ್ಯಾಸ ಬೆಳೆದಿದೆ.

ರಿಪೇರಿ

ಶಾಟ್‌ಕಟ್ ಈ ತೊಂದರೆಯನ್ನು ಮೊದಲೇ ಹೇಳಿತ್ತು. ಫೈಲ್ ತೆರೆದಾಗ, ಇದು ವೇರಿಯಬಲ್ ಫ್ರೇಮ್ ರೇಟ್, ಎಡಿಟಿಂಗ್‌ಗೆ ನಂಬುವಂತಿಲ್ಲ, ಬದಲಿಸಿಕೊಡಲೇ ಅಂತ ಒಂದು ಬಾಕ್ಸ್ ಬರುತ್ತದೆ. ಹುಡುಗ ಅದನ್ನು ಕ್ಯಾನ್ಸಲ್ ಮಾಡಿದ್ದ. ಬಾಕ್ಸ್ ಇಂಗ್ಲಿಷ್‌ನಲ್ಲಿ ಇತ್ತು, ಏನು ಕೇಳುತ್ತಿದೆ ಅಂತ ಅವನಿಗೆ ಗೊತ್ತಾಗಲಿಲ್ಲ. ಇಂಥ ಸಂದೇಶಗಳು ಕನ್ನಡದಲ್ಲಿ ಬರುವವರೆಗೆ ಈ ತಪ್ಪು ಊರೂರಲ್ಲಿ ಆಗುತ್ತಲೇ ಇರುತ್ತದೆ, ಇದರಲ್ಲಿ ಹುಡುಗನನ್ನು ದೂರುವಂಥದ್ದು ಏನೂ ಇಲ್ಲ.

ಈ ಸಲ ಒಪ್ಪಿಕೊಂಡು, ಮೂರು ಆಯ್ಕೆಗಳಲ್ಲಿ ಕಡಿಮೆ ಜಾಗ ತಿನ್ನುವುದನ್ನು ಆರಿಸಿ ಬದಲಿಸಿಕೊಂಡೆವು. ಮನೆ ವಿಡಿಯೊಗೆ ಅಷ್ಟು ಸಾಕು. ಬೇರೆ ಸಾಫ್ಟ್‌ವೇರ್ ಬಳಸುವವರು ಹ್ಯಾಂಡ್‌ಬ್ರೇಕ್ ಅನ್ನುವ, ವಿಡಿಯೊ ಬದಲಿಸುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಅಂತ ಗುರುತು ಹಾಕಿ ಇದೇ ಕೆಲಸ ಮಾಡಿಕೊಳ್ಳಬಹುದು. ಹಳೆಯ ಲ್ಯಾಪ್‌ಟಾಪ್, ಸಮಯ ಹಿಡಿಯಿತು. ಆಮೇಲೆ ನೋಡಿದರೆ ಫೋನಿನ ಸ್ವಂತ ಧ್ವನಿ ಶುರುವಿನಿಂದ ಕೊನೆಯವರೆಗೆ ಚಿತ್ರದ ಜೊತೆ ಒಂದೇ ಸಮನೆ ನಿಂತಿತು.

ಈಗ ಮಿಕ್ಸರ್‌ನ ಆಡಿಯೊವನ್ನು ಹೊಸದಾಗಿ ಕೂರಿಸಬೇಕು. ಈ ಸಲ ಬಾಯಿ ನೋಡಿ ಹೊಂದಿಸಲಿಲ್ಲ. ಫೋನಿನ ಧ್ವನಿಯ ವೇವ್‌ಫಾರ್ಮ್ ಕೆಳಗೆ ಮಿಕ್ಸರ್‌ನ ವೇವ್‌ಫಾರ್ಮ್ ಇಟ್ಟು, ಮದ್ದಳೆಯ ಒಂದು ಒಂಟಿ ಪೆಟ್ಟನ್ನು ಹಿಡಿದು ಎರಡರ ಮೊನೆಯನ್ನೂ ಸೇರಿಸಿದೆವು. ಕೊನೆಗೆ ಹೋಗಿ ನೋಡಿದರೆ ಇನ್ನೂ 4 ಫ್ರೇಮ್ ವ್ಯತ್ಯಾಸ, ಅಂದರೆ ಸುಮಾರು 0.13 ಸೆಕೆಂಡ್. ಇದು ಬೇರೆ ಕಾರಣದ್ದು. ಫೋನಿನಲ್ಲೂ ಮಿಕ್ಸರ್‌ನಲ್ಲೂ ಸ್ಯಾಂಪಲ್ ಎಣಿಸುವ ಗಡಿಯಾರ ಬೇರೆ ಬೇರೆ. ಎರಡು ಗಡಿಯಾರಗಳು ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. 5,400 ಸೆಕೆಂಡಿಗೆ 0.13 ಅಂದರೆ ಹತ್ತು ಲಕ್ಷಕ್ಕೆ 24 ಪಾಲು. ಇಷ್ಟು ವ್ಯತ್ಯಾಸ ಮಾಮೂಲಿ, ಯಂತ್ರ ಕೆಟ್ಟಿದೆ ಅಂತಲ್ಲ.

ಇಷ್ಟು ಸಣ್ಣ ಅಂಕಿಯನ್ನು ಸ್ಪೀಡ್ ಬಾಕ್ಸ್‌ನಲ್ಲಿ ಕೊಟ್ಟು ಸರಿಮಾಡಲು ಹೋಗುವುದಕ್ಕಿಂತ ಕತ್ತರಿಸಿ ಸರಿಸುವುದೇ ಒಳ್ಳೆಯದು. ಒಂದು ಪಾತ್ರ ಒಳಗೆ ಹೋಗಿ ಇನ್ನೊಂದು ಪಾತ್ರದ ಪದ ಶುರುವಾಗುವ ಮೊದಲು ಮೈಕಿನಲ್ಲಿ ಒಂದು ಕ್ಷಣ ಏನೂ ಇರುವುದಿಲ್ಲ. ಅಂಥ ಜಾಗ ನೋಡಿ ಮಿಕ್ಸರ್ ಟ್ರ್ಯಾಕನ್ನು ಕತ್ತರಿಸಿ, ಪ್ರತಿ ತುಂಡನ್ನೂ ಅದರ ಹಿಂದಿನದಕ್ಕಿಂತ ಒಂದೊಂದು ಫ್ರೇಮ್ ಜಾಸ್ತಿ ಸರಿಸಿದೆವು. ಪದದ ನಡುವೆ ಎಂದೂ ಕತ್ತರಿಸಬಾರದು, ಪೇಟಿಯ ಸ್ವರ ಎಳೆಯುತ್ತಿರುವಾಗ ಒಂದು ಫ್ರೇಮ್ ಕಡಿದರೂ ಕಿವಿಗೆ ಚಟ್ ಅಂತ ತಾಗುತ್ತದೆ.

ಇಷ್ಟಾದ ಮೇಲೂ ಭೀಮನ ಹೆಜ್ಜೆಗೂ ಸದ್ದಿಗೂ ಸ್ವಲ್ಪ ಅಂತರ ಉಳಿದಿತ್ತು. ಈಗ ಎಲ್ಲಾ ಕಡೆ ಒಂದೇ ಅಂತರ, ಮೂರೂವರೆ ಫ್ರೇಮ್. ಪಾದ ಹಲಗೆ ಮುಟ್ಟಿ ಮೂರು ಫ್ರೇಮ್ ಕಳೆದ ಮೇಲೆ ಧಡ್. ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಹುಡುಗ ಮರುದಿನ ಬಯಲಿಗೆ ಹೋಗಿ ಟ್ರಾಲಿ ನಿಂತ ಜಾಗದಿಂದ ಅಟ್ಟದವರೆಗೆ ಅಳೆದು ಬಂದ. ಸುಮಾರು 40 ಮೀಟರ್. ಗಾಳಿಯಲ್ಲಿ ಧ್ವನಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ನಮ್ಮ ಕಡೆಯ ಬೇಸಿಗೆ ರಾತ್ರಿಯ 30 ಡಿಗ್ರಿಗೆ 349ರ ಹತ್ತಿರ. 40 ಮೀಟರ್ ದಾಟಲು 0.115 ಸೆಕೆಂಡ್ ಬೇಕು. 30 ಫ್ರೇಮಿನ ಲೆಕ್ಕದಲ್ಲಿ ಅದು ಮೂರೂವರೆ ಫ್ರೇಮ್. ಲೆಕ್ಕವೂ ಟೈಮ್‌ಲೈನೂ ಒಂದಕ್ಕೊಂದು ತಾಳೆಯಾದವು. ಬೆಳಕು ತಕ್ಷಣ ಬಂದಿದೆ, ಸ್ಪೀಕರ್‌ನ ಧ್ವನಿ ಬಯಲು ದಾಟಿ ಬಂದಿದೆ, ನಾವು ಮಿಕ್ಸರ್‌ನ ಧ್ವನಿಯನ್ನು ಈ ತಡವಾದ ಧ್ವನಿಗೆ ಹೊಂದಿಸಿದ್ದರಿಂದ ಅದೂ ತಡವಾಯಿತು.

ಆವತ್ತು ಹಿಂದೆ ಕೂತು ನೋಡಿದವರಿಗೆ ಯಾಕೆ ಇದು ಕಾಣಲಿಲ್ಲ? ದೂರದಲ್ಲಿ ಭೀಮ ಸಣ್ಣದಾಗಿ ಕಾಣುತ್ತಿದ್ದ, ಧ್ವನಿಯೂ ದೂರದಿಂದ ಬರುತ್ತಿತ್ತು, ಎರಡೂ ಒಂದಕ್ಕೊಂದು ಒಪ್ಪಿದ್ದವು. ಜೂಮ್ ಮಾಡಿದಾಗ ಚಿತ್ರ ಮಾತ್ರ ಹತ್ತಿರ ಬರುತ್ತದೆ. ಧ್ವನಿ 40 ಮೀಟರ್ ಆಚೆಯೇ ಉಳಿಯುತ್ತದೆ. ಜಾತ್ರೆ, ನಾಟಕ, ಅಲಾಯಿ ಕುಣಿತ, ಬಯಲಲ್ಲಿ ದೂರದಿಂದ ಜೂಮ್ ಮಾಡಿ ತೆಗೆದ ಯಾವ ವಿಡಿಯೊವನ್ನೇ ನೋಡಿ, ಹಲಗೆ ವಾದ್ಯ ಬಡಿಯುವವನ ಕೈಗೂ ಸದ್ದಿಗೂ ಈ ಅಂತರ ಇದ್ದೇ ಇರುತ್ತದೆ. ಆಡಿಯೊ ಬೇರೆ ಮಾಡುವ ಸೌಲಭ್ಯದ ನಿಜವಾದ ಉಪಯೋಗ ಇಲ್ಲಿದೆ. ಹೊಸ ಹಾಡು ಹಾಕಲು ಮಾತ್ರ ಅಲ್ಲ, ಅದೇ ಧ್ವನಿಯನ್ನು ಅದರ ಜಾಗಕ್ಕೆ ತರಲೂ ಬೇರೆ ಮಾಡಬೇಕು.

ಮೂರೂವರೆ ಫ್ರೇಮ್ ಸರಿಸಲು ಆಗುವುದಿಲ್ಲ, ಟೈಮ್‌ಲೈನ್‌ನಲ್ಲಿ ಇಡೀ ಫ್ರೇಮ್ ಲೆಕ್ಕ. ಮೂರು ಸರಿಸಬೇಕಾ, ನಾಲ್ಕಾ? ಮೂರು. ಧ್ವನಿ ಸ್ವಲ್ಪ ತಡವಾದರೆ ಮನುಷ್ಯ ಸಹಿಸಿಕೊಳ್ಳುತ್ತಾನೆ, ಚಿತ್ರಕ್ಕಿಂತ ಮೊದಲು ಬಂದರೆ ಬೇಗ ಪತ್ತೆ ಹಚ್ಚುತ್ತಾನೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) 1998ರ ತನ್ನ ಶಿಫಾರಸಿನಲ್ಲಿ ಇದಕ್ಕೆ ಅಂಕಿ ಕೊಟ್ಟಿದೆ. ಧ್ವನಿ ಮೊದಲು ಬಂದರೆ 45 ಮಿಲಿಸೆಕೆಂಡಿಗೇ ಗೊತ್ತಾಗುತ್ತದೆ, ತಡವಾದರೆ 125 ಮಿಲಿಸೆಕೆಂಡ್ ಆಗುವವರೆಗೆ ಗೊತ್ತಾಗುವುದಿಲ್ಲ. ದೂರದ ಧ್ವನಿ ತಡವಾಗಿ ಬರುವುದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ, ಗುಡುಗಿಗೆ ಮೊದಲು ಮಿಂಚು ಕಾಣುತ್ತದೆ ಅಲ್ವಾ. ಸದ್ದು ಮೊದಲು ಬಂದು ಚಿತ್ರ ಆಮೇಲೆ ಬರುವುದನ್ನು ಯಾರೂ ಎಲ್ಲೂ ಕಂಡಿಲ್ಲ. ದೊಡ್ಡಪ್ಪನಂಥ ತಾಳ ತಿಳಿದವರಿಗೆ ಈ ಅಂಕಿಗಿಂತ ಕಡಿಮೆಯಲ್ಲೂ ಗೊತ್ತಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಅಷ್ಟು ವರ್ಷ ಮದ್ದಳೆ ಕೇಳಿದ ಕಿವಿ ಅದು.

ಎರಡೂ ಆಡಿಯೊ ಟ್ರ್ಯಾಕ್‌ಗಳನ್ನು ಒಟ್ಟಿಗೇ 3 ಫ್ರೇಮ್ ಮುಂಚಿತವಾಗಿ ಸರಿಸಿದೆವು. ಬರೀ ಮಿಕ್ಸರ್ ಟ್ರ್ಯಾಕ್ ಸರಿಸಿ ಫೋನಿನ ಟ್ರ್ಯಾಕ್ ಅಲ್ಲೇ ಬಿಟ್ಟರೆ ಪ್ರತಿ ಮಾತೂ ಎರಡು ಸಲ ಕೇಳುತ್ತದೆ.

ಫೋನಿನ ಟ್ರ್ಯಾಕ್ ಯಾಕೆ ಬೇಕು ಅಂತ ಹುಡುಗ ಮತ್ತೆ ಕೇಳಿದ. ಅಳತೆಗೆ ಆಯಿತಲ್ಲ, ಈಗ ತೆಗೆಯಬಹುದಲ್ಲ? ಬರೀ ಮಿಕ್ಸರ್‌ನ ಧ್ವನಿ ಕೇಳಿಸಿದೆ. ಪದ ಸ್ಪಷ್ಟ, ಪೇಟಿ ಸ್ಪಷ್ಟ, ಆದರೆ ಯಾವುದೋ ಖಾಲಿ ಕೋಣೆಯಲ್ಲಿ ಆಡಿದ ಹಾಗೆ. ಮೈಕಿನ ಮುಂದೆ ಇಲ್ಲದ್ದು ಯಾವುದೂ ಅದರಲ್ಲಿ ಇಲ್ಲ. ಭೀಮ ಬಂದಾಗ ಬಿದ್ದ ಸಿಳ್ಳೆ ಇಲ್ಲ, ನಗು ಇಲ್ಲ, ಮುಂದೆ ಕೂತ ಹೆಂಗಸರ ಮಾತಿಲ್ಲ. ಜನರೇ ಇಲ್ಲದ ಬಯಲಾಟ ಬಯಲಾಟ ಅಲ್ಲ. ಫೋನಿನ ಟ್ರ್ಯಾಕ್ ಸೇರಿಸಿ ಕೇಳಿಸಿದ ಮೇಲೆ ಹುಡುಗ ತಾನೇ ಒಪ್ಪಿದ. ಮಾತಿನ ಜಾಗದಲ್ಲಿ ಅದನ್ನು ತುಂಬಾ ಸಣ್ಣದಾಗಿ ಇಟ್ಟು, ಪಾತ್ರ ಬಂದು ಹೋಗುವ ಜಾಗದಲ್ಲಿ, ಸಿಳ್ಳೆ ಚಪ್ಪಾಳೆ ಬೀಳುವ ಜಾಗದಲ್ಲಿ ಏರಿಸಿದೆವು. ಗಾಳಿಯ ಗುಂಯ್ ಸದ್ದಿಗೆ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕಡಿಮೆ ಮಾಡುವ ಫಿಲ್ಟರ್ ಹಾಕಿದರೆ ಆಯಿತು. ಮಿಕ್ಸರ್ ಟ್ರ್ಯಾಕಿಗೆ ಆ ಫಿಲ್ಟರ್ ಹಾಕಲಿಲ್ಲ, ಮದ್ದಳೆಯ ತುಂಬು ಸದ್ದು ಹೋಗಿಬಿಡುತ್ತದೆ.

ರಾತ್ರಿಯ ಎರಡನೇ ಭಾಗದಲ್ಲಿ ಇನ್ನೊಂದು ತೊಡಕಿತ್ತು. ಜನರೇಟರ್ ಒಮ್ಮೆ ನಿಂತು ಮಿಕ್ಸರ್ ಆಫ್ ಆಗಿ ಪೆನ್‌ಡ್ರೈವ್‌ನಲ್ಲಿ ಎರಡು ಫೈಲ್ ಆಗಿದ್ದವು. ಪವರ್‌ಬ್ಯಾಂಕ್ ಇದ್ದ ಫೋನು ನಿಂತಿರಲಿಲ್ಲ. ಎರಡು ಫೈಲನ್ನು ಬೆನ್ನಿಗೆ ಬೆನ್ನು ಹಚ್ಚದೆ, ಎರಡನೆಯದನ್ನು ಮತ್ತೆ ಹೊಸದಾಗಿ ಫೋನಿನ ವೇವ್‌ಫಾರ್ಮ್‌ಗೆ ಹೊಂದಿಸಿದೆವು. ನಡುವಿನ ಖಾಲಿ ಜಾಗದಲ್ಲಿ ಫೋನಿನ ಧ್ವನಿ ಒಂದೇ ಉಳಿಯಿತು. ಆ ಕತ್ತಲೆಯ ಹೊತ್ತಿನಲ್ಲಿ ಮದ್ದಳೆಯವರು ಮೈಕ್ ಇಲ್ಲದೆಯೇ ಬಾರಿಸುತ್ತಾ ಇದ್ದರು, ಜನ ಎದ್ದು ಹೋಗಲಿಲ್ಲ, ಅದೂ ವಿಡಿಯೊದಲ್ಲಿ ಸೇರಿತು.

ಮುಗಿದ ವಿಡಿಯೊ ಟಿವಿಯಲ್ಲಿ ಹಾಕಿದಾಗ ಮೊದಲು ಏನೋ ತಪ್ಪಿದಂತೆ ಕಂಡಿತು, ನೋಡಿದರೆ ಧ್ವನಿ ಬರುತ್ತಿದ್ದದ್ದು ಬ್ಲೂಟೂತ್ ಸ್ಪೀಕರ್‌ನಿಂದ. ಬ್ಲೂಟೂತ್ ತಾನೇ ಧ್ವನಿಯನ್ನು ತಡ ಮಾಡುತ್ತದೆ, ಅದರಲ್ಲಿ ಕೇಳಿ ಸಿಂಕ್ ಪರೀಕ್ಷೆ ಮಾಡಬಾರದು. ವೈರ್ ಹಾಕಿ ಕೇಳಿದಾಗ ಹೆಜ್ಜೆ ಹಲಗೆಗೆ ಸರಿಯಾಗಿ ಬಿತ್ತು. ದೊಡ್ಡಪ್ಪ ತಮ್ಮ ಪ್ರವೇಶವನ್ನು ಎರಡು ಸಲ ಹಾಕಿಸಿಕೊಂಡು ನೋಡಿ, ಪೇಟಿ ಮಾಸ್ತರಿಗೂ ಒಂದು ಪೆನ್‌ಡ್ರೈವ್ ಮಾಡಿಕೊಡು ಅಂದರು. ಹುಡುಗ ಮೂಲ ಫೈಲು, ಮಿಕ್ಸರ್‌ನ ಎರಡು ಎಂಪಿ3, ಶಾಟ್‌ಕಟ್‌ನ ಪ್ರಾಜೆಕ್ಟ್ ಫೈಲು ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟು ಎರಡು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದ್ದಾನೆ. ಈಗ ರಾತ್ರಿಯ ಉಳಿದ ಭಾಗದ ಕೆಲಸ ಅವನೊಬ್ಬನೇ ಮಾಡುತ್ತಿದ್ದಾನೆ.